ಬಾಯಾರು ಕೂರದೆ ಬಿಟ್ಟ ಜಾಗ

ಸುಶೀಲಾಬಾಯಿಯವರು ವಿಮೆ ಬರೆಯುವ ಮೊದಲು ಗಾಡಿಯ ಎಲ್ಲಾ ಸೀಟಿನ ಮೇಲೂ ಒಂದೊಂದು ಸಲ ಕೂತು ಏಳುತ್ತಿದ್ದರು. ಕಾರಿರಲಿ, ಜೀಪಿರಲಿ, ಲಾರಿಯ ಕ್ಯಾಬಿನ್ನೇ ಇರಲಿ, ಬಿಡುತ್ತಿರಲಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದು, ಅರವತ್ತರ ಹತ್ತಿರದ ಆ ಹೆಣ್ಣುಮಗಳು ಲಾರಿ ಹತ್ತುವುದನ್ನು ಹೊಸಪೇಟೆಯ ಡ್ರೈವರುಗಳು ಚಾ ಗ್ಲಾಸು ಹಿಡಿದು ನಿಂತು ನೋಡುತ್ತಿದ್ದರಂತೆ. ಅವರು ಕೂತು, ಬೆನ್ನು ಆನಿಸಿ, ಕೆಳಗೆ ನಿಂತ ಮಾಲೀಕನನ್ನು ಕೇಳುತ್ತಿದ್ದದ್ದು ಒಂದೇ ಮಾತು: “ಇಲ್ಲಿ ಯಾರು ಕುಂದರ್ತಾರ?”

ಒಂದು ಸೀಟಾದ ಮೇಲೆ ಇನ್ನೊಂದು. ಮತ್ತೆ ಅದೇ ಪ್ರಶ್ನೆ. ನನಗಂತೂ ಮೊದಲ ಸಲ ಮೈಯೆಲ್ಲ ಉರಿದುಹೋಗಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಂಪ್ಲಿ ಹತ್ತಿರದ ನಮ್ಮೂರು ಮೆಟ್ರಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ, ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಬೆಳಿಗ್ಗೆ ಕೊಟ್ಟು ಮಧ್ಯಾಹ್ನ “ಆತೇನಲೇ ಶೇಖರ?” ಅಂತ ಬಂದವರಿಗೆ ನನ್ನಿಂದ ಎಂಥ ಮಾತು ಸಿಗುತ್ತದೆ ಅಂತ ಊರಿಗೇ ಗೊತ್ತು. ಅಂಥ ನನ್ನನ್ನು ಈ ಬಾಯಾರು ಆರೇ ತಿಂಗಳಲ್ಲಿ ಹದಕ್ಕೆ ತಂದರು. ನಮ್ಮ ಕಡೆ ಅವರಂಥ ಹಿರಿಯ ಹೆಣ್ಣುಮಕ್ಕಳನ್ನು ಬಾಯಾರು ಅಂತಲೇ ಕರೆಯುವುದು, ಹೆಸರು ಹಿಡಿದು ಕರೆಯುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಅವರ ಬಾಗಿಲಿಗೆ ನಾನು ಹೋದದ್ದು ನನ್ನ ಅಣ್ಣನ ಸಲುವಾಗಿ. ಅಣ್ಣ ಮಲ್ಲಣ್ಣ ಸಂಡೂರಿನ ಕಡೆ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಒಂದು ದಿನ ಅದಿರು ತುಂಬಿದ ಟಿಪ್ಪರ್ ಇಳಿಜಾರಿನಲ್ಲಿ ಮಗುಚಿಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಶಕ್ತಿ ಉಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಆ ಟಿಪ್ಪರಿನ ವಿಮೆ ಮುಗಿದು ನಾಲ್ಕು ತಿಂಗಳಾಗಿತ್ತು ಅಂತ. ಮಾಲೀಕ ಅನ್ನಿಸಿಕೊಂಡವನು ಫೋನ್ ತೆಗೆಯುವುದನ್ನೇ ಬಿಟ್ಟ. ನನ್ನ ಅಣ್ಣ, ಮೂವತ್ತೆಂಟರ ಗಂಡಸು, ಮೂರು ವರ್ಷ ಗಾಲಿಖುರ್ಚಿಯಲ್ಲಿ ಕಿಟಕಿ ಪಕ್ಕ ಕೂತು ರಸ್ತೆಯ ಮೇಲೆ ಹೋಗುವ ಗಾಡಿಗಳ ಸದ್ದು ಕೇಳಿದ. “ಇವನ ಗಾಡಿಗೆ ಟ್ಯಾಪೆಟ್ ಸಡಲ ಆಗ್ಯಾವ” ಅಂತ ಒಳಗಿನಿಂದಲೇ ಹೇಳುತ್ತಿದ್ದ. ಬೇರೆ ಮಾತು ಕಡಿಮೆ ಆಗಿಬಿಟ್ಟಿತ್ತು.

ಅಂಥದರಲ್ಲಿ ಕಂಪ್ಲಿಯ ಒಂದು ಅಕ್ಕಿ ಗಿರಣಿಯಿಂದ ಹೇಳಿಕಳಿಸಿದರು. ಭತ್ತದ ಲಾರಿ ತೂಗುವ ವೇಬ್ರಿಜ್ಜಿನ ಕೋಣೆಯಲ್ಲಿ ಕೂತು ಚೀಟಿ ಬರೆಯುವ ಕೆಲಸ, ಲಾರಿಯವರ ಆಟ ಬಲ್ಲವನು ಬೇಕು, ದಿನಾ ಒಂಬತ್ತಕ್ಕೆ ಬರಬೇಕು, ದೀಪಾವಳಿ ಆಗುತ್ತಲೇ ಸುಗ್ಗಿ ಶುರು, ಅಷ್ಟರೊಳಗೆ ಬಂದರೆ ಜಾಗ ನಿನ್ನದು ಅಂತ. ಆ ದಿನ ಅಣ್ಣ ತಾನೇ ಕೇಳಿ ಗಡ್ಡ ಬೋಳಿಸಿಕೊಂಡ. ನಾನು ಸಂಡೂರಿಗೆ ಹೋಗಿ ಒಂದು ಹಳೆ ವ್ಯಾನ್ ತಂದೆ. ಮೊದಲು ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ಓಡಿದ್ದ ಗಾಡಿ. ನಡುವಿನ ಸೀಟು ಕಿತ್ತೆ. ಕಂಪ್ಲಿಯ ವೆಲ್ಡರ್ ಹತ್ತಿರ ಹಿಂದಿನ ಬಾಗಿಲಿಗೆ ಮಡಚುವ ಇಳಿಜಾರು ಹಲಗೆ ಮಾಡಿಸಿ, ಗಾಲಿಖುರ್ಚಿ ಅಲುಗದ ಹಾಗೆ ನೆಲಕ್ಕೆ ಕೊಕ್ಕೆ, ಬೆಲ್ಟು ಹಾಕಿಸಿದೆ. ಹಲಗೆಗೆ ಜಾಗ ಬೇಕೆಂದು ಹಿಂದಿನ ಬೆಂಚನ್ನು ಒಂದು ಮಗ್ಗುಲಿಗೆ ಸರಿಸಿದೆ. ಎಲ್ಲಾ ಮುಗಿಸಿ ಮನೆ ಮುಂದೆ ನಿಲ್ಲಿಸಿ, “ಹತ್ತಣ್ಣ” ಅಂದರೆ ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ.

“ಇನ್ಶೂರನ್ಸ್ ಇಲ್ಲದ ಗಾಡಿ ನಾ ಹತ್ತಂಗಿಲ್ಲ. ಸುಳ್ಳ ಇನ್ಶೂರನ್ಸ್ ಇದ್ರೂ ಹತ್ತಂಗಿಲ್ಲ. ಒಮ್ಮೆ ಹತ್ತಿ ನೋಡೀನಿ, ಸಾಕು.”

ವಿಮೆ ತಾನೆ, ಒಂದು ಗಂಟೆಯ ಕೆಲಸ ಅಂದುಕೊಂಡೆ. ಹೊಸಪೇಟೆಯಲ್ಲಿ ಮೂವರು ಏಜೆಂಟರ ಹತ್ತಿರ ಹೋದೆ. ಒಬ್ಬ, “ಬರೇ ಥರ್ಡ್ ಪಾರ್ಟಿ ಹಾಕಿಸ್ಕೊಳ್ರಿ, ಪೊಲೀಸರಿಗೆ ತೋರಿಸಾಕ ಸಾಕು” ಅಂದ. ಇನ್ನೊಬ್ಬ, “ಹಂಪಿ ರಸ್ತೆದಾಗ ಓಡಾಡೋ ಬಿಳಿ ಬೋರ್ಡಿನ ವ್ಯಾನ್ ಅಂದ್ರ ಕಂಪನಿಯವರು ನಂಬಂಗಿಲ್ರಿ, ಟೂರಿಸ್ಟ್ ಮಂದೀನ ಒಯ್ಯಾಕ ಹತ್ಯಾನ ಅಂತಾರ, ಹಳದಿ ಬೋರ್ಡೇ ಇರ್ಲಿ ಬಿಡ್ರಿ” ಅಂದ. ಮೂರನೆಯವನು ಮಹಾ ಬುದ್ಧಿವಂತ. “ಆ ಹಲಗಿ ಬಿಚ್ಚಿ, ಸೀಟು ಕುಂದ್ರಿಸಿ, ಫೋಟೋ ತಗಸ್ರಿ. ಪಾಲಿಸಿ ಬಂದ್ಮ್ಯಾಲೆ ಮತ್ತ ಬಿಚ್ಚಿ ಹಾಕ್ಕೊಳ್ರಿ. ಯಾವನು ನೋಡ್ತಾನ?” ಹೊರಗೆ ಬರುವಾಗ ಅವನ ಅಂಗಡಿಯಲ್ಲಿ ಕೂತಿದ್ದ ಒಬ್ಬ ಲಾರಿ ಡ್ರೈವರ್ ನನ್ನ ಹಿಂದೆಯೇ ಬಂದು, “ಸುಶೀಲಾಬಾಯಾರ ಕಡೆ ಹೋಗಣ್ಣ. ತಲಿ ತಿಂತಾರ, ಆದ್ರ ಮಾಡಿಕೊಡ್ತಾರ” ಅಂದ.

ಒಂದು ಸಂದಿಯಲ್ಲಿ ಹಳೇ ಮನೆ, ಮುಂದಿನ ಕೋಣೆಯೇ ಆಫೀಸು. ಗಂಡ ವಿಮೆ ಏಜೆಂಟರಾಗಿದ್ದವರು, ಅವರು ತೀರಿಕೊಂಡ ಮೇಲೆ ಈಕೆ ಪರೀಕ್ಷೆ ಬರೆದು ಕೆಲಸ ಹಿಡಿದಿದ್ದರು. ಗೋಡೆ ತುಂಬ ಫೈಲು. ಫೈಲುಗಳಿಗೆ ದಾರವಲ್ಲ, ಹಳೆ ಸೀರೆಗಳ ಅಂಚು ಹರಿದು ಕಟ್ಟಿದ್ದರು, ಒಂದೊಂದು ಮನೆತನಕ್ಕೆ ಒಂದೊಂದು ಬಣ್ಣ. ನಾನು ನನ್ನ ಕಥೆ ಹೇಳಿದೆ. ಕನ್ನಡಕದ ಮೇಲಿನಿಂದ ನೋಡಿ ಶುರುಮಾಡಿದರು.

“ಹಂಪಿಗೆ ಟೂರಿಸ್ಟ್ ಮಂದೀನ ಒಯ್ತೀಯೇನು?”

“ಇಲ್ರಿ.”

“ಶಾಲಿ ಹುಡುಗರ್ನ?”

“ಇಲ್ರೀ ಬಾಯಾರ.”

“ಕೂಲಿ ಮಂದೀನ? ಮದುವಿ ದಿಬ್ಬಣ?”

ನನಗೆ ತಡೆಯಲಿಲ್ಲ. “ನಾ ಏನ್ ಕಳ್ಳೇನ್ರಿ? ಅಣ್ಣನ್ನ ಕೆಲಸಕ್ಕ ಬಿಟ್ಟು ಬರಾಕ ಗಾಡಿ ಅಂತ ಎಷ್ಟು ಸಲ ಹೇಳ್ಬೇಕ್ರಿ?”

ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. “ನಾ ಈಗ ಕೇಳಿದ್ರ ನಿನಗ ಸಿಟ್ಟು ಬರ್ತದ. ಅವರು ಆಮ್ಯಾಲೆ ಕೇಳಿದ್ರ ಅಳು ಬರ್ತದ. ಯಾವುದು ಛಲೋ, ನೀನs ಹೇಳು” ಅಂದರು.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ಮೆಟ್ರಿಗೆ ಬಂದಿಳಿದರು. ಕೈಯಲ್ಲಿ ಕಪ್ಪು ಚೀಲ, ಕೊಡೆ, ಮನೆಯಿಂದ ತಂದ ನೀರಿನ ತಂಬಿಗೆ. ಯಾರ ಮನೆಯಲ್ಲೂ ಅವರು ನೀರು, ಚಾ ಮುಟ್ಟುವವರಲ್ಲ. ಅದರಲ್ಲಿ ಮಡಿ ಎಷ್ಟು, ರೂಢಿ ಎಷ್ಟು ನನಗೆ ಗೊತ್ತಿಲ್ಲ, ಕೇಳಿದರೆ “ಬ್ಯಾಡಪಾ, ಸಾಕಾಗ್ಯದ” ಅಂದು ನಗುತ್ತಿದ್ದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ತಾವೇ ಬಗ್ಗಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಸೀಟಿನ ಪೂಜೆ ಶುರುವಾಯಿತು. ನನ್ನ ಸೀಟಿನಲ್ಲಿ ಕೂತರು, ಪಕ್ಕದ್ದರಲ್ಲಿ ಕೂತರು, ಹಿಂದಿನ ಬೆಂಚಿನಲ್ಲಿ ಮೂರು ಕಡೆ ಸರಿದು ಸರಿದು ಕೂತರು. “ಇಲ್ಲಿ ಯಾರು ಕುಂದರ್ತಾರ?” ನಾನು. “ಇಲ್ಲಿ?” ನನ್ನ ಹೆಂಡತಿ. “ಇಲ್ಲಿ?” ಯಾರಾರ ಬಂದ್ರ. “ಯಾರಾರ ಅಂದ್ರ ಯಾರು? ಕಾಗದದಾಗ ‘ಯಾರಾರ’ ಅಂತ ಬರಿಯಾಕ ಬರಂಗಿಲ್ಲ.” ಓಣಿಯ ಮಂದಿ, ನಂಟರು, ಅಂದೆ ಹಲ್ಲು ಕಚ್ಚಿ.

ಕೊನೆಗೆ ನಡುವಿನ ಖಾಲಿ ಜಾಗ ಉಳಿಯಿತು, ಅಣ್ಣನ ಗಾಲಿಖುರ್ಚಿ ನಿಲ್ಲುವ ಜಾಗ. ಅಲ್ಲಿಗೆ ಅವರು ಕಾಲಿಡಲಿಲ್ಲ. ಕೆಳಗಿಳಿದು, ಬಾಗಿಲಲ್ಲಿ ಖುರ್ಚಿಯ ಮೇಲಿದ್ದ ಅಣ್ಣನ ಹತ್ತಿರ ಸೀದಾ ಹೋದರು.

“ಮಲ್ಲಣ್ಣಾರ, ಅದು ನಿಮ್ಮ ಜಾಗ. ನಾ ಕುಂದರಬಾರದು, ನೀವs ಹೇಳ್ರಿ. ಬ್ರೇಕ್ ಹೊಡದ್ರ ಖುರ್ಚಿ ಜರಗತದೇನು? ಬೆಲ್ಟು ಎದಿಗೆ ಬರ್ತದೋ ಕುತಗಿಗೋ?”

ಮೂರು ವರ್ಷದಿಂದ ಡಾಕ್ಟರು ನನ್ನನ್ನು ಕೇಳುತ್ತಿದ್ದರು, ನಂಟರು ನನ್ನ ಹೆಂಡತಿಯನ್ನು ಕೇಳುತ್ತಿದ್ದರು, “ಮಲ್ಲಣ್ಣಗ ಊಟ ಸೇರ್ತತೇನು?” ಅಂತ, ಅವನು ಎದುರಿಗೇ ಇದ್ದರೂ. ಅಣ್ಣ ಒಂದು ಗಳಿಗೆ ಅವರ ಮುಖವನ್ನೇ ನೋಡಿದ. ಆಮೇಲೆ ಮಾತಾಡಿದ ನೋಡ್ರಿ, ಅರ್ಧ ತಾಸು! ಕೊಕ್ಕೆ ಎಲ್ಲಿರಬೇಕು, ಹಲಗೆಯ ಇಳಿಜಾರು ಎಷ್ಟು ಕಡಿಮೆ ಮಾಡಬೇಕು, ವೆಲ್ಡಿಂಗ್ ಎಲ್ಲಿ ಕೆಟ್ಟಿದೆ, ಎಲ್ಲಾ. ಬಾಯಾರು ಒಂದೊಂದನ್ನೂ ಬರೆದುಕೊಂಡರು. ನಾನು ಒಳಗೆ ಹೋಗಿ ಸುಮ್ಮನೆ ಮುಖ ತೊಳೆದು ಬಂದೆ.

ಬಸ್ಸಿಗೆ ಬಿಡಲು ಹೋದಾಗ ಕೇಳಿದೆ, ಸೀಟಿನ ಮೇಲೆ ಕೂರುವುದು ಯಾಕೆ ಅಂತ. “ಏಜೆನ್ಸಿ ತಗೊಂಡ ಹೊಸದರಾಗ ಒಂದು ಜೀಪು ನೋಡದs ಬರದೆ. ಮಂದಿ ಹೇಳಿದ್ದು ಬರದೆ. ಹಿಂದ ಎರಡು ಹಲಗಿ ಬಡದು ಆರು ಮಂದಿ ಕೂಡ್ಸತಿದ್ರು, ನನಗ ಗೊತ್ತಿದ್ದಿಲ್ಲ. ಆ ಜೀಪು ಬಿತ್ತು. ಆ ಆರು ಮಂದಿ ಮನಿಗೆ ಏನೂ ಸಿಗಲಿಲ್ಲ. ಆ ಕಾಗದ ಬರದ ಕೈ ಇದs ನೋಡಪಾ” ಅಂದು ಬಲಗೈ ಮುಂದೆ ಮಾಡಿ ತೋರಿಸಿದರು. ಬಸ್ಸು ಬಂತು, ಹತ್ತಿ ಹೋದರು.

ಆಮೇಲಿನ ಎರಡು ತಿಂಗಳು ನಾವಿಬ್ಬರೂ ಅಲೆದ ಅಲೆದಾಟ ಆ ದೇವರಿಗೇ ಗೊತ್ತು. ಹಳದಿ ಬೋರ್ಡು ಬಿಳಿ ಆಗಬೇಕು, ಸೀಟು ಕಿತ್ತದ್ದು, ಹಲಗೆ ಹಾಕಿದ್ದು ಗಾಡಿಯ ಆರ್‌ಸಿಯಲ್ಲಿ ಬರಬೇಕು, ಅದು ಬಂದ ಮೇಲೆ ಕಂಪನಿಯವರು ಒಪ್ಪಬೇಕು. ಎಲ್ಲಕ್ಕಿಂತ ಮೊದಲು ನನಗೆ ವ್ಯಾನ್ ಮಾರಿದ ಸಂಡೂರಿನ ಹಳೇ ಮಾಲೀಕನ ಸಹಿ ಬೇಕಾಗಿತ್ತು. ಆ ಪುಣ್ಯಾತ್ಮ ನಾಲ್ಕು ಸಲ ನನ್ನನ್ನು “ನಾಳೆ ಬಾ” ಅಂತ ಕಳಿಸಿದ್ದ. ಐದನೇ ಸಲ ಬಾಯಾರೇ ಬಂದರು. ಅವನ ಮನೆಯ ಕಟ್ಟೆಯ ಮೇಲೆ ಕೂತು, “ನಿಮ್ಮ ಕೆಲಸ ಮುಗಿಸ್ಕೊಂಡು ಬರ್ರಿ, ನಾ ಕುಂತಿರ್ತೀನಿ, ನನಗೇನು ಗಡಿಬಿಡಿ ಇಲ್ಲ” ಅಂದರು. ಅವನ ತಾಯಿ ನೀರು ತಂದರು, ಬೇಡ ಅಂದರು. ಹಣ್ಣು ತಂದರು, ಬೇಡ ಅಂದರು. “ಇವತ್ತು ಏಕಾದಶಿರೀ, ನೀರೂ ತಗೊಳಂಗಿಲ್ಲ.” ಬಿಸಿಲು ಏರಿತು. ಏಕಾದಶಿಯ ದಿನ ನಿರಾಹಾರ ಇದ್ದ ಮುತ್ತೈದೆಯಲ್ಲದ ಹಿರಿಯಳೊಬ್ಬಳು ತನ್ನ ಕಟ್ಟೆಯ ಮೇಲೆ ಒಣಗುತ್ತಿದ್ದಾಳೆ ಅಂತ ಆ ತಾಯಿಗೆ ಜೀವ ತಡೆಯಲಿಲ್ಲ. ಒಳಗೆ ಹೋಗಿ ಮಗನ ಮೇಲೆ ಹಾರಿಬಿದ್ದರು. “ಲೇ, ನನ್ನ ಮನೀಗೆ ಪಾಪ ಸುತ್ತಿಸ್ತಿಯೇನಲೇ? ಬಂದು ಬರಿ ಅದೇನು ಬರೀತಿಯೋ!” ಸಹಿ ಬಿತ್ತು. ಬರುವಾಗ ಬಸ್ಸಿನಲ್ಲಿ ಕೇಳಿದೆ, “ಏಕಾದಶಿ ನೋಡೇ ಬಂದ್ರೇನ್ರಿ ಬಾಯಾರ?” ಕಿಟಕಿಯ ಕಡೆ ಮುಖ ತಿರುಗಿಸಿ, “ಏಕಾದಶಿ ನಾ ಮಾಡಿದ್ದಲ್ಲಪಾ, ಪಂಚಾಂಗದಾಗ ಇತ್ತು” ಅಂದರು.

ಆರ್‌ಸಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಕಂಪನಿಯ ಬಳ್ಳಾರಿ ಆಫೀಸಿನ ಸಾಹೇಬರು ಹಲಗೆಯ ಫೋಟೋ ನೋಡಿ ಹಿಂದೆ ಮುಂದೆ ನೋಡಿದರು. “ಮೇಡಂ, ಇದನ್ನ ಬರೀದೇ ಇದ್ದಿದ್ರ ಸಲೀಸಾಗಿ ಆಗ್ತಿತ್ತು” ಅಂದರಂತೆ. ಬಾಯಾರು ನನಗೆ ಬಂದು ಹೇಳಿದರು: “ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ. ಒದೀಲಿ ಬಿಡು, ನನ್ನ ಎದಿ ಗಟ್ಟಿ ಅದ.” ಮತ್ತೆ ಹೋದರು, ಮತ್ತೆ ಹೋದರು. ದೀಪಾವಳಿ ಪಾಡ್ಯದ ಹಿಂದಿನ ದಿನ ಪಾಲಿಸಿ ಕೈಗೆ ಬಂತು. ಹಸಿರು ಅಂಚು ಕಟ್ಟಿದ ಫೈಲಿನಲ್ಲಿ ಒಂದು ಪ್ರತಿ ಇಟ್ಟುಕೊಂಡು, ಇನ್ನೊಂದನ್ನು ತಾವೇ ತಂದು ಅಣ್ಣನ ಕೈಗೆ ಕೊಟ್ಟರು, ನನ್ನ ಕೈಗಲ್ಲ. ಅಣ್ಣ ಅಕ್ಷರ ಅಕ್ಷರ ಓದಿದ. ಮಡಚಿ ಜೇಬಿನಲ್ಲಿಟ್ಟು, “ಹಲಗಿ ಇಳಿಸಲೇ ಶೇಖರ” ಅಂದ.

ಹೋಗುವಾಗ ಬಾಯಾರು ಒಂದು ಷರತ್ತು ಹಾಕಿದರು. “ಇದು ಸ್ವಂತ ಗಾಡಿ ಅಂತ ಬರದದ. ಓಣಿ ಮಂದೀನ ಹತ್ತಿಸ್ಕೋ, ಬ್ಯಾಡನ್ನಂಗಿಲ್ಲ. ಆದ್ರ ಯಾರ ಕಡಿಂದನೂ ಒಂದು ರೂಪಾಯಿ ಮುಟ್ಟಬ್ಯಾಡ. ಪೆಟ್ರೋಲಿಗೆ ಅಂತ ಕೊಟ್ರೂ ಬ್ಯಾಡ. ಮುಟ್ಟಿದಿ ಅಂದ್ರ ಅದು ಬಾಡಿಗಿ, ಈ ಕಾಗದ ಒಲಿಗೆ.”

ಈ ಷರತ್ತು ಪಾಲಿಸುವುದು ಎಷ್ಟು ಕಷ್ಟ ಅಂತ ನಮ್ಮೂರಲ್ಲಿ ಇದ್ದವರಿಗೇ ಗೊತ್ತು. ನಮ್ಮವರು ಪುಕ್ಕಟೆ ಏನನ್ನೂ ತೆಗೆದುಕೊಳ್ಳುವವರಲ್ಲ. ಕಂಪ್ಲಿಗೆ ಹತ್ತಿಸಿಕೊಂಡು ಹೋದರೆ ಇಳಿಯುವಾಗ ಜೇಬಿಗೆ ನೋಟು ತುರುಕಲು ಬರುತ್ತಾರೆ. ನಾನು ಬೇಡ ಅಂದರೆ ಜಗಳಕ್ಕೇ ನಿಲ್ಲುತ್ತಾರೆ. ನೋಟು ನಿಲ್ಲಿಸಿದೆ, ಸಾಮಾನು ಶುರುವಾಯಿತು. ಸೀಟಿನ ಕೆಳಗೆ ಬದನೆಕಾಯಿ, ಮೆಣಸಿನಕಾಯಿ, ಒಮ್ಮೆ ಒಂದು ಜೀವಂತ ಕೋಳಿ. ಇವರಲ್ಲೆಲ್ಲ ಹಟಮಾರಿ ಅಂದರೆ ನಮ್ಮ ಓಣಿಯ ತಿಪ್ಪಮ್ಮಜ್ಜಿ. ಎಪ್ಪತ್ತು ದಾಟಿದ ಮುದುಕಿ, ಅರ್ಧ ಎಕರೆ ಬಾಳೆತೋಟವನ್ನು ಒಬ್ಬಳೇ ನೋಡಿಕೊಳ್ಳುವವಳು. ಕಂಪ್ಲಿಗೆ ಕಣ್ಣಿನ ಔಷಧಕ್ಕೆ ಬಂದಾಗಲೆಲ್ಲ ಒಂದು ಗೊನೆ ಬಾಳೆಹಣ್ಣು ಗಾಡಿಯಲ್ಲಿ ಬಿಟ್ಟೇ ಇಳಿಯುತ್ತಿದ್ದಳು.

ಅಣ್ಣ ಕೆಲಸಕ್ಕೆ ಹೋಗಲು ಶುರುಮಾಡಿ ಐದು ತಿಂಗಳಾಗಿತ್ತು. ಗಿರಣಿಯಲ್ಲಿ ಲಾರಿಯವರು ಅವನಿಗೆ ಹೆದರುವ ಮಟ್ಟಿಗೆ ಬೆಳೆದಿದ್ದ. ಒಂದು ಬೆಳಿಗ್ಗೆ ಕಾಲುವೆಯ ಪಕ್ಕದ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ನಾನು ಸ್ಟೇರಿಂಗ್ ಎಳೆದೆ, ವ್ಯಾನ್ ಸೇತುವೆಯ ಕಲ್ಲಿಗೆ ಹೊಡೆಯಿತು. ಖುರ್ಚಿಯ ಕೊಕ್ಕೆ ಕದಲಲಿಲ್ಲ, ಬೆಲ್ಟು ಎದೆಗೆ ಸರಿಯಾಗಿ ಹಿಡಿದಿತ್ತು, ಅಣ್ಣನಿಗೆ ಒಂದು ಗೀರೂ ಆಗಲಿಲ್ಲ. ಹಿಂದೆ ಕೂತಿದ್ದ ತಿಪ್ಪಮ್ಮಜ್ಜಿಯ ಹಣೆಗೆ ಒಂದು ಬುಗುಟು. ಗಾಡಿಯ ಒಂದು ಮಗ್ಗುಲು ಮಾತ್ರ ಪೂರಾ ಹೋಗಿತ್ತು, ಹಲಗೆ ಮುರಿದಿತ್ತು. ಆದರೆ ವಿಮೆ ಇದೆಯಲ್ಲ, ನಾನೇನೂ ಗಾಬರಿ ಆಗಲಿಲ್ಲ.

ಕಂಪನಿಯಿಂದ ಸರ್ವೇಯರ್ ಬಂದ, ಪ್ಯಾಂಟು ಶರ್ಟಿನ ಹುಡುಗ. ಎಲ್ಲಾ ನೋಡಿ, ಬರೆದುಕೊಂಡು, ತಿಪ್ಪಮ್ಮಜ್ಜಿಯನ್ನೂ ಕೇಳಿದ. ಹದಿನೈದು ದಿನಕ್ಕೆ ಪತ್ರ ಬಂತು: ಗಾಡಿಯನ್ನು ಬಾಡಿಗೆಗೆ ಓಡಿಸಲಾಗುತ್ತಿತ್ತು, ಪ್ರಯಾಣಿಕರು ಐವತ್ತು ರೂಪಾಯಿ ಕೊಟ್ಟಿರುವುದಾಗಿ ಹೇಳಿದ್ದಾರೆ, ಪರಿಹಾರ ಬರುವುದಿಲ್ಲ.

ಸೀದಾ ಮುದುಕಿಯ ಮನೆಗೆ ನುಗ್ಗಿ ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಒಂದಿಷ್ಟೂ ಅಲುಗಲಿಲ್ಲ. “ಹೌದು, ಹೇಳೀನಿ. ಆ ಪ್ಯಾಂಟಿನವ ‘ಎಷ್ಟು ಕೊಟ್ಟಿ ಅಜ್ಜಿ’ ಅಂದ. ಪುಕ್ಕಟೆ ಹತ್ತಾಕಿ ನಾನು ಅಂತ ಹೇಳ್ಲೇನು? ಇಷ್ಟು ವಯಸ್ಸಾತು, ಯಾವನ ಹಂಗಿನಾಗೂ ನಾ ಇಲ್ಲ. ಐವತ್ತು ಕೊಟ್ಟೀನಿ ಅಂದೆ. ನಿನ್ನ ಮರ್ಯಾದಿನೂ ಉಳೀತು, ನಂದೂ ಉಳೀತು.” ನಾನು ತಲೆ ಚಚ್ಚಿಕೊಂಡೆ. ಮನೆಗೆ ಬಂದರೆ ಅಣ್ಣ ಪತ್ರ ತೊಡೆಯ ಮೇಲಿಟ್ಟುಕೊಂಡು ಮತ್ತೆ ಅದೇ ಕಿಟಕಿಯ ಪಕ್ಕ ಕೂತಿದ್ದ. “ಸಂಡೂರಿನ ಕಥೀನs ಮತ್ತ ಬಂತು ನೋಡು. ಗಿರಣಿಯವರಿಗೆ ಬ್ಯಾರೆ ಆಳು ನೋಡ್ಕೊಳ್ರಿ ಅಂತ ಹೇಳಿಬಿಡು” ಅಂದ. ಗಾಡಿ ರಿಪೇರಿ ಮಾಡಿಸುವ ತಾಕತ್ತು ನನಗಿರಲಿಲ್ಲ. ಅಣ್ಣನ ಆ ಮಾತು ಕೇಳುವ ತಾಕತ್ತು ಅದಕ್ಕಿಂತ ಕಡಿಮೆ ಇತ್ತು.

ಬಾಯಾರಿಗೆ ಫೋನ್ ಮಾಡಿದೆ. “ಕೊಟ್ಟಾಳೋ ಇಲ್ಲೋ?” ಅಂತ ಒಂದೇ ಪ್ರಶ್ನೆ. ಇಲ್ಲ ಅಂದೆ. “ನಿನ್ನ ಅಣ್ಣನ ಆಣಿ?” ಅಣ್ಣನ ಆಣೆ ಅಂದೆ. “ಗಿರಣಿಯವರಿಗೆ ಏನೂ ಹೇಳಬ್ಯಾಡ. ನಾ ಬರ್ತೀನಿ.”

ಮರುದಿನ ಬೆಳಗಿನ ಬಸ್ಸಿಗೆ ಬಂದರು. ತಿಪ್ಪಮ್ಮಜ್ಜಿಯ ಜಗಲಿಯ ಮೇಲೆ ಇಬ್ಬರೂ ಎದುರು ಬದುರು ಕೂತರು. ನಾನು ಕಂಬದ ಪಕ್ಕ ನಿಂತೆ. ಬಾಯಾರು ಮೊದಲೇ ಹೇಳಿದರು: “ನೋಡ್ರಿ ಅಜ್ಜಿ, ನಿಮ್ಮ ಕಡಿಂದ ಸುಳ್ಳು ಬರಸ್ಕೊಳ್ಳಾಕ ನಾ ಬಂದಿಲ್ಲ. ಕೊಟ್ಟಿದ್ರ ಕೊಟ್ಟೀನಿ ಅನ್ರಿ, ಎದ್ದು ಹೋಗ್ತೀನಿ.”

“ಕೊಟ್ಟೀನಿ” ಅಂದಳು ಮುದುಕಿ, ಮುಖ ಬಿಗಿದು.

ಬಾಯಾರು ಎದ್ದು ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಭಾಳ ಬಿಸಲದ. ಒಂದು ಗುಟುಕು ಚಾ ಮಾಡ್ತೀರೇನು?” ಅಂದರು. ನಾನು ಬೆಚ್ಚಿಬಿದ್ದೆ. ನನ್ನ ಮನೆಗೆ ಏಳೆಂಟು ಸಲ ಬಂದು ಹೋದರೂ ನೀರು ಮುಟ್ಟದ ಹೆಣ್ಣುಮಗಳು! ತಿಪ್ಪಮ್ಮಜ್ಜಿಗಂತೂ ಖುಷಿಯೋ ಖುಷಿ. ಒಲೆ ಹೊತ್ತಿಸಿ, ಬೆಲ್ಲ, ಶುಂಠಿ ಹಾಕಿ ಚಾ ಮಾಡಿ, ಇದ್ದುದರಲ್ಲಿ ಒಳ್ಳೆಯ ಸ್ಟೀಲ್ ಲೋಟ ತೊಳೆದು ತಂದಳು. ಬಾಯಾರು ನಿಧಾನಕ್ಕೆ ಪೂರಾ ಕುಡಿದರು. ಲೋಟ ಕೆಳಗಿಟ್ಟರು. ಚೀಲದಿಂದ ಹತ್ತು ರೂಪಾಯಿಯ ನೋಟು ತೆಗೆದು ಲೋಟದ ಕೆಳಗೆ ಇಟ್ಟರು.

ಮುದುಕಿಯ ಕಣ್ಣು ಕೆಂಡವಾಯಿತು. “ಏನಬೇ ಇದು? ನನ್ನ ಮನ್ಯಾಗ ಚಾಕ್ಕ ರೊಕ್ಕ ಇಡ್ತಿ? ನಂದೇನು ಹೋಟ್ಲೇನು?”

“ಪುಕ್ಕಟೆ ಹೆಂಗ ಕುಡೀಲಿ? ನಾನೂ ಯಾರ ಹಂಗಿನಾಗೂ ಇಲ್ಲ.”

“ಮನೀಗೆ ಬಂದವರು ಚಾ ಕುಡದ್ರ ಅದು ಹಂಗಾಗತೈತೇನು? ತಗಿ ಮೊದ್ಲು ಅದನ್ನ! ತಗಿ!”

ಬಾಯಾರು ನೋಟು ತೆಗೆಯಲಿಲ್ಲ. ತಣ್ಣಗೆ ಕೇಳಿದರು. “ನಿಮ್ಮ ಮನಿ ಹೋಟ್ಲಲ್ಲ ಅಂದ್ರ, ಇವನ ವ್ಯಾನು ಬಾಡಿಗಿ ವ್ಯಾನೇನ್ರಿ?”

ತಿಪ್ಪಮ್ಮಜ್ಜಿ ನನ್ನ ಕಡೆ ನೋಡಿದಳು, ರಸ್ತೆಯಾಚೆ ನಮ್ಮ ಮನೆಯ ಕಿಟಕಿಯಲ್ಲಿ ಕಾಣುತ್ತಿದ್ದ ಅಣ್ಣನ ಕಡೆ ನೋಡಿದಳು. ದೊಪ್ಪನೆ ಕೂತುಬಿಟ್ಟಳು. “ಅಯ್ಯ ನನ್ನ ಹಣೆಬರಹಾನs! ಆ ಹುಡುಗನ ಅನ್ನಕ್ಕ ಕಲ್ಲು ಹಾಕಿದ್ನೇನಬೇ?” ಅಂದಳು. ಕಣ್ಣೊರೆಸಿಕೊಂಡು, “ಬರಕೋ. ಒಂದು ಪೈಸಾ ಕೊಟ್ಟಿಲ್ಲ. ಬಡಿವಾರಕ್ಕ ಹಂಗಂದೆ. ಎಲ್ಲಿ ಒತ್ಬೇಕು ಹೆಬ್ಬೆಟ್ಟು?” ಬಾಯಾರು ನೋಟು ತೆಗೆದು ಚೀಲಕ್ಕೆ ಹಾಕಿಕೊಂಡು ಬರೆಯಲು ಕೂತರು. ಮುದುಕಿ ತಡೆದಳು. “ತಡಿ, ಬಾಳಿಗೊನಿ ಮಾತ್ರ ಕೊಟ್ಟೀನಿ. ಅದನ್ನ ಬರೀಲಿಲ್ಲಂದ್ರ ನಾ ಒತ್ತಂಗಿಲ್ಲ.”

ನಾನು ಬೇಡ ಬೇಡ ಅಂತ ಕೈ ಸನ್ನೆ ಮಾಡಿದೆ. ಬಾಯಾರು ನನ್ನ ಕಡೆ ನೋಡಲೇ ಇಲ್ಲ. “ಎಷ್ಟು ಸಲ, ಎಷ್ಟು ಗೊನಿ?” ಅಂತ ಕೇಳಿ ಕೇಳಿ ಬರೆದರು.

ಆ ಪತ್ರ ಬಳ್ಳಾರಿಗೆ ಹೋಯಿತು. ಸಾಹೇಬರು ಫೋನ್ ಮಾಡಿದಾಗ ನಾನು ಬಾಯಾರ ಕೋಣೆಯಲ್ಲೇ ಇದ್ದೆ. “ಬಾಳೆಗೊನೆ ಯಾಕ್ರಿ ಬರೆದಿರಿ ಮೇಡಂ?” ಬಾಯಾರು, “ಕೊಟ್ಟಾಳ, ಬರದೀನಿ. ಐವತ್ತು ರೂಪಾಯಿ ಕೊಟ್ಟಿಲ್ಲ, ಅದನ್ನೂ ಬರದೀನಿ. ಬಾಳಿಹಣ್ಣು ಬಚ್ಚಿಟ್ಟಾಕಿ ರೊಕ್ಕಾನೂ ಬಚ್ಚಿಟ್ಟಾಳ ಅಂತ ನಾಳೆ ನೀವs ಅಂತೀರಿ” ಅಂದರು. ಆ ಕಡೆಯಿಂದ ನಗು ಕೇಳಿಸಿತು. ಇನ್ನೊಬ್ಬ ಸರ್ವೇಯರನ್ನು ಕಳಿಸಿದರು. ಅವನು ಓಣಿಯಲ್ಲಿ ಹತ್ತು ಜನರನ್ನು ಕೇಳಿದ. ಹತ್ತು ಜನರೂ ಬದನೆಕಾಯಿ, ಮೆಣಸಿನಕಾಯಿ, ಕೋಳಿಯ ಕಥೆಯನ್ನೆಲ್ಲ ಬಿಡದೆ ಹೇಳಿದರು. ತಿಂಗಳೊಳಗೆ ಗಾಡಿ ರಿಪೇರಿ ಆಗಿ ಬಂತು. ಅಷ್ಟು ದಿನ ಗಿರಣಿಯವರು ಅಣ್ಣನ ಜಾಗಕ್ಕೆ ಯಾರನ್ನೂ ತಂದು ಕೂರಿಸಲಿಲ್ಲ. ಬಾಯಾರು ಅಲ್ಲಿಗೂ ಹೋಗಿ ಏನೋ ಹೇಳಿಬಂದಿದ್ದರು ಅಂತ ನನಗೆ ಗೊತ್ತಾದದ್ದು ವರ್ಷದ ಮೇಲೆ.

ಆರು ವರ್ಷ, ದೀಪಾವಳಿಗೆ ಹದಿನೈದು ದಿನ ಇರುವಾಗ ತಪ್ಪದೆ ಅವರ ಫೋನ್ ಬರುತ್ತಿತ್ತು. “ಶೇಖರಾ, ಕಾಗದ ಮುಗೀತದ. ಗಾಡ್ಯಾಗ ಏನಾರ ಬದಲಾಗ್ಯದೇನು?” ಹೋದ ವರ್ಷ ಅವರು ತೀರಿಕೊಂಡರು. ಈ ವರ್ಷ ಫೋನ್ ಬರಲಿಲ್ಲ, ಕಂಪನಿಯಿಂದ ಮೊಬೈಲಿಗೆ ಒಂದು ಮೆಸೇಜು ಬಂತು. ಒತ್ತಿದೆ. ಗಾಡಿ ಸ್ವಂತಕ್ಕೋ ಬಾಡಿಗೆಗೋ ಅಂತ ಕೇಳಿತು, ಸ್ವಂತಕ್ಕೆ ಅಂತ ಒತ್ತಿದೆ. ಎರಡು ನಿಮಿಷದಲ್ಲಿ ಪಾಲಿಸಿ ಬಂತು. ಯಾರೂ ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಅಂತ ನನಗೆ ಸಂಕಟವಾಯಿತು.

ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಅವರ ಮಗಳು ಆಂಬುಲೆನ್ಸ್ ಕರೆಯುತ್ತೇನೆ ಅಂದರೆ, ಬೇಡ, ಶೇಖರನ ವ್ಯಾನ್ ಕರಿ, ಅದರ ಕಾಗದ ಸರಿ ಇದೆ ಅಂದರಂತೆ. ಅಣ್ಣ ಗಿರಣಿಗೆ ರಜೆ ಹಾಕಿ ತಾನೂ ಹೊರಟ. ಆಸ್ಪತ್ರೆಯ ಬಾಗಿಲಲ್ಲಿ, “ನಾ ಹಿಂದ ಕುಂದರ್ತೀನಿ, ಖುರ್ಚಿ ಬಾಯಾರಿಗೆ ಕೊಡು” ಅಂದ. ಅಣ್ಣನನ್ನು ಎತ್ತಿ ಹಿಂದಿನ ಬೆಂಚಿನ ಮೇಲೆ ಕೂರಿಸಿ ಬೆಲ್ಟು ಹಾಕಿದೆ. ಬಾಯಾರನ್ನು ಅವನ ಖುರ್ಚಿಯಲ್ಲಿ ಕೂರಿಸಿ, ಹಲಗೆಯ ಮೇಲೆ ತಳ್ಳಿಕೊಂಡು ಹೋಗಿ ನಡುವಿನ ಜಾಗದಲ್ಲಿ ಕೊಕ್ಕೆ ಬಿಗಿದೆ. ಬಲಗೈಯಿಂದ ಬೆಲ್ಟು ಮುಟ್ಟಿ ನೋಡಿಕೊಂಡರು, ಎದೆಗೆ ಸರಿಯಾಗಿ ಬಂದಿತ್ತು.

ಹಿಂದಿನಿಂದ ಅಣ್ಣ ಮೆಲ್ಲಗೆ ಕೇಳಿದ, “ಬಾಯಾರ, ಇಲ್ಲಿ ಯಾರು ಕುಂದರ್ತಾರ್ರಿ?”

ಅವರ ಬಾಯಿಯ ಒಂದು ಬದಿ ಮಾತ್ರ ನಕ್ಕಿತು. “ಇದೊಂದು... ಉಳದಿತ್ತು ನೋಡಪಾ” ಅಂದರು.

ಹೊಸಪೇಟೆಯ ಸಂದಿಯಲ್ಲಿ ಅವರ ಮನೆ ಮುಂದೆ ಇಳಿಸಿದೆ. ಅವರ ಬಲಗೈ ಚೀಲದೊಳಗೆ ಹೋಗಿ ಏನೋ ಹುಡುಕಿತು. ಯಾರ ಋಣವನ್ನೂ ಇಟ್ಟುಕೊಳ್ಳದ ಹೆಣ್ಣುಮಗಳ ಕೈ ಅದು, ತಾನೇ ಹೋಗಿರಬೇಕು. ಅರ್ಧಕ್ಕೇ ನಿಲ್ಲಿಸಿ ಕೈ ಹೊರಗೆ ತೆಗೆದರು, ಖಾಲಿ ಕೈ. ಅದನ್ನು ನನ್ನ ಕೈ ಮೇಲಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು.

“ಯಾರಾರ ಕೇಳಿದ್ರ... ಪುಕ್ಕಟೆ ಬಂದೀನಿ ಅಂತ ಹೇಳ್ತೀನಿ.”